ಓದುವವರ ಸಂಸ್ಥೆ: ಟಾಕ್ಸಿಕೋಜೀನೋಮಿಕ್ಸ್ ಡೇಟಾಬೇಸ್ ನಡೆದು ಬಂದ 20 ವರ್ಷ

2004ರ ನವೆಂಬರಿನಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಕಡಲತಡಿಯ ಪ್ರಯೋಗಾಲಯವೊಂದು ತಾನು ಕೆಲವು ವರ್ಷಗಳಿಂದ ಕಟ್ಟುತ್ತಿದ್ದ ಡೇಟಾಬೇಸನ್ನು ಸಾರ್ವಜನಿಕರಿಗೆ ತೆರೆಯಿತು. ಪೂರ್ಣ ಹೆಸರು ಕಂಪ್ಯಾರೆಟಿವ್ ಟಾಕ್ಸಿಕೋಜೀನೋಮಿಕ್ಸ್ ಡೇಟಾಬೇಸ್. ಬಳಸುವವರೆಲ್ಲ ಅದನ್ನು ಸಿಟಿಡಿ ಎನ್ನುತ್ತಾರೆ. ಯಾವ ರಾಸಾಯನಿಕ ಯಾವ ಜೀನಿನ ಮೇಲೆ ಏನು ಮಾಡುತ್ತದೆ, ಆ ಜೀನಿಗೂ ಯಾವ ರೋಗಕ್ಕೂ ನಂಟು, ಅದನ್ನು ಯಾವ ಪ್ರಾಣಿಯಲ್ಲಿ ಕಂಡರು, ಯಾವ ಲೇಖನದಲ್ಲಿ ಬರೆದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಒಂದೇ ಕಡೆ ಉತ್ತರ ಸಿಗುತ್ತದೆ. ಕಾಸು ಕೊಡಬೇಕಿಲ್ಲ, ಪರಿಚಯಪತ್ರ ತೋರಿಸಬೇಕಿಲ್ಲ. 2024ಕ್ಕೆ ಅದಕ್ಕೆ 20 ವರ್ಷ ತುಂಬಿತು.

ಸ್ಮರಣ ಸಂಚಿಕೆಗಳಲ್ಲಿ ಸಂಸ್ಥೆಯ ಚರಿತ್ರೆಯೆಂದರೆ ಅಡಿಗಲ್ಲು, ಕಟ್ಟಡ, ನಿರ್ದೇಶಕರ ಪಟ್ಟಿ, ಗಣ್ಯರ ಭೇಟಿ. ಡೇಟಾಬೇಸಿನ ವಿಷಯದಲ್ಲಿ ಈ ಸಾಮಗ್ರಿ ಸಾಲುವುದಿಲ್ಲ. ಅದರ ಯಂತ್ರಗಳು ಐದಾರು ವರ್ಷಕ್ಕೊಮ್ಮೆ ಬದಲಾಗುತ್ತವೆ, ವಿಳಾಸವೂ ಬದಲಾಗಬಹುದು. ಉಳಿಯುವುದು ಮೂರು ಸಂಗತಿ: ಲೇಖನಗಳನ್ನು ಕೂತು ಓದಿ ದಾಖಲಿಸಿದವರ ದುಡಿಮೆ, ಹೆಸರುಗಳ ಬಗ್ಗೆ ಮಾಡಿಕೊಂಡ ಒಪ್ಪಂದ, ವರ್ಷವರ್ಷ ಸಂಬಳ ಹೊಂದಿಸಿದ ಸಾರ್ವಜನಿಕ ಹಣ. ಸಿಟಿಡಿಯ ಕಥೆಯನ್ನು ಈ ಮೂರರ ಕಥೆಯಾಗಿ ಹೇಳುವುದೇ ಸರಿ.

ದ್ವೀಪದ ಎರಡು ಸಂಸ್ಥೆಗಳು

ಸಿಟಿಡಿಯನ್ನು ತೆರೆದ ಆ ಪ್ರಯೋಗಾಲಯ, ಮೌಂಟ್ ಡೆಸರ್ಟ್ ಐಲ್ಯಾಂಡ್ ಬಯಲಾಜಿಕಲ್ ಲ್ಯಾಬೊರೇಟರಿ, ಹುಟ್ಟಿದ್ದು 1898ರಲ್ಲಿ. ಟಫ್ಟ್ಸ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಜಾನ್ ಸ್ಟರ್ಲಿಂಗ್ ಕಿಂಗ್ಸ್ಲಿ ಮೇಯ್ನ್‌ನ ಸೌತ್ ಹಾರ್ಪ್ಸ್‌ವೆಲ್‌ನಲ್ಲಿ ಬೇಸಿಗೆಯ ಪಾಠಶಾಲೆಯಾಗಿ ಅದನ್ನು ಆರಂಭಿಸಿದರು. 1921ರಲ್ಲಿ ಅದು ಮೌಂಟ್ ಡೆಸರ್ಟ್ ದ್ವೀಪದ ಸಾಲ್ಸ್‌ಬರಿ ಕೋವ್‌ಗೆ ಬಂತು. ಬೇಸಿಗೆ ಬಂದರೆ ದೊಡ್ಡ ವಿಶ್ವವಿದ್ಯಾಲಯಗಳ ಶರೀರಶಾಸ್ತ್ರಜ್ಞರು ಸಂಸಾರ ಸಮೇತ ಅಲ್ಲಿಗೆ ಹೊರಡುತ್ತಿದ್ದರು. ಕಡಲಿನಿಂದ ಹಿಡಿದ ಮೀನು ಅವರ ಪ್ರಯೋಗದ ವಸ್ತು. ಇ. ಕೆ. ಮಾರ್ಷಲ್ ಮತ್ತು ಹೋಮರ್ ಸ್ಮಿತ್ ಮೂತ್ರಪಿಂಡದ ಬಗ್ಗೆ ಮಾಡಿದ ಹೆಸರಾಂತ ಕೆಲಸದ ಒಂದು ಭಾಗ ನಡೆದದ್ದು ಇಲ್ಲಿಯೇ. ಗೂಸ್‌ಫಿಶ್ ಎಂಬ ಮೀನಿನ ಮೂತ್ರಪಿಂಡದಲ್ಲಿ ರಕ್ತ ಸೋಸುವ ಗ್ಲೋಮರುಲಸ್ ಇಲ್ಲ. ಆದರೂ ಮೂತ್ರ ತಯಾರಾಗುತ್ತದೆ. ಅಂದಮೇಲೆ ಅನಗತ್ಯ ವಸ್ತುಗಳನ್ನು ನಾಳಗಳ ಗೋಡೆಯೇ ಹೊರಹಾಕುತ್ತಿರಬೇಕು ಎಂಬುದು ಅದರಿಂದ ಖಚಿತವಾಯಿತು.

ದೇಹ ವಿಷವನ್ನು ಹೊರಗಟ್ಟುವುದು ಹೇಗೆ ಎಂಬ ಪ್ರಶ್ನೆ ಹೀಗೆ ಈ ಪ್ರಯೋಗಾಲಯದ ಹುಟ್ಟುಗುಣವಾಯಿತು. ಮುಂದೆ ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆಯ, ಅಂದರೆ ಎನ್ಐಇಎಚ್ಎಸ್‌ನ, ನೆರವಿನಿಂದ ಜೀವಕೋಶದ ಪೊರೆಯ ಮೇಲೆ ವಿಷಗಳ ಪರಿಣಾಮವನ್ನು ಅಭ್ಯಸಿಸುವ ಕೇಂದ್ರ ಅಲ್ಲಿ ಬೆಳೆಯಿತು. ಯೇಲ್ ವಿಶ್ವವಿದ್ಯಾಲಯದ ಯಕೃತ್ ತಜ್ಞ ಜೇಮ್ಸ್ ಬಾಯರ್, ಶಾರ್ಕ್‌ನ ಉಪ್ಪಿನ ಗ್ರಂಥಿಯನ್ನು ಅಭ್ಯಸಿಸುತ್ತಿದ್ದ ಜಾನ್ ಫಾರೆಸ್ಟ್ ಮುಂತಾದವರು ಅಲ್ಲಿ ಕೆಲಸ ಮಾಡುತ್ತಿದ್ದರು.

ಅದೇ ದ್ವೀಪದ ಬಾರ್ ಹಾರ್ಬರ್ ಊರಿನಲ್ಲಿ 1929ರಿಂದ ಇನ್ನೊಂದು ಸಂಸ್ಥೆಯಿದೆ: ಇಲಿಗಳ ತಳಿಗಳಿಗೆ ಹೆಸರಾದ ಜಾಕ್ಸನ್ ಲ್ಯಾಬೊರೇಟರಿ. 1947ರ ಅಕ್ಟೋಬರಿನ ಕಾಳ್ಗಿಚ್ಚು ದ್ವೀಪದ ದೊಡ್ಡದೊಂದು ಭಾಗವನ್ನು ಸುಟ್ಟಾಗ ಆ ಪ್ರಯೋಗಾಲಯವೂ ಅದರ ಇಲಿಗಳೂ ಬೂದಿಯಾದವು. ತಳಿಗಳು ಮಾತ್ರ ಅಳಿಯಲಿಲ್ಲ. ಹಿಂದೆ ಅಲ್ಲಿಂದ ಇಲಿಗಳನ್ನು ತರಿಸಿಕೊಂಡಿದ್ದ ಬೇರೆ ಬೇರೆ ಪ್ರಯೋಗಾಲಯಗಳು ಅವುಗಳ ಸಂತತಿಯನ್ನು ಹಿಂದಕ್ಕೆ ಕಳಿಸಿಕೊಟ್ಟವು. ಹಂಚಿದ್ದು ಉಳಿಯಿತು. ಇಲಿಯ ಜೀನುಗಳ ಸಾರ್ವಜನಿಕ ಡೇಟಾಬೇಸನ್ನು ಮುಂದೆ ಕಟ್ಟಿದ್ದೂ ಇದೇ ಸಂಸ್ಥೆ. ಜೀನುಗಳ ಕೆಲಸವನ್ನು ಒಂದೇ ಪರಿಭಾಷೆಯಲ್ಲಿ ವಿವರಿಸಲು 1998ರಲ್ಲಿ ಹೊರಟ ಜೀನ್ ಆಂಟಾಲಜಿ ಒಕ್ಕೂಟದ ಮೂರು ಸ್ಥಾಪಕ ಡೇಟಾಬೇಸ್‌ಗಳಲ್ಲಿ ಒಂದು ಇಲಿಯದು, ಉಳಿದೆರಡು ಹಣ್ಣುನೊಣ ಮತ್ತು ಯೀಸ್ಟ್‌ನವು. ಆ ಒಕ್ಕೂಟದ 2000ದ ಪ್ರಬಂಧದ ಲೇಖಕರಲ್ಲೊಬ್ಬರಾದ ಆ್ಯಲನ್ ಪೀಟರ್ ಡೇವಿಸ್ ಮುಂದೆ ಸಿಟಿಡಿಯ ದಾಖಲಾತಿಯ ಮುಂದಾಳಾದರು. ಒಂದು ಸಣ್ಣ ದ್ವೀಪದಲ್ಲಿ ವಿಷದ ಕಸುಬು ಬಲ್ಲವರೂ ಹೆಸರಿಡುವ ಕಸುಬು ಬಲ್ಲವರೂ ಅಕ್ಕಪಕ್ಕದಲ್ಲಿದ್ದರು. ಸಿಟಿಡಿ ಅಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ವಿಷದ ಮಾಹಿತಿ, ಭೋಪಾಲದ ನೆರಳು

ವಿಷವಿಜ್ಞಾನದ ಮಾಹಿತಿಯನ್ನು ಒಂದೆಡೆ ಸೇರಿಸಬೇಕೆಂಬ ಯೋಚನೆ ಸಿಟಿಡಿಗಿಂತ ಬಹಳ ಹಳೆಯದು. ರೇಚೆಲ್ ಕಾರ್ಸನ್ನರ ‘ಸೈಲೆಂಟ್ ಸ್ಪ್ರಿಂಗ್’ 1962ರಲ್ಲಿ ಬಂದು ಕೀಟನಾಶಕಗಳ ಚರ್ಚೆಯನ್ನು ಮನೆಮನೆಗೆ ಮುಟ್ಟಿಸಿತು. 1966ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿ ವಿಷವಿಜ್ಞಾನದ ಮಾಹಿತಿಯ ನಿರ್ವಹಣೆಯ ಬಗ್ಗೆ ವರದಿ ಕೊಟ್ಟಿತು. ಮರುವರ್ಷ ಬೆಥೆಸ್ಡಾದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದಲ್ಲಿ ಅದಕ್ಕೊಂದು ಪ್ರತ್ಯೇಕ ವಿಭಾಗ ಶುರುವಾಯಿತು. 1985ರಲ್ಲಿ ಅಲ್ಲಿನ ಹಲವು ಡೇಟಾಬೇಸ್‌ಗಳು ಟಾಕ್ಸ್‌ನೆಟ್ ಎಂಬ ಒಂದೇ ಸೂರಿನಡಿ ಬಂದವು.

ಇದೇ ಹೊತ್ತಿಗೆ ಭಾರತದ ಒಂದು ದುರಂತ ಅಮೆರಿಕದ ಕಾನೂನನ್ನೇ ಬದಲಿಸಿತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಸೋರಿತು. ಆ ಅನಿಲವನ್ನು ಉಸಿರಾಡಿದವರಿಗೂ ಅವರಿಗೆ ಚಿಕಿತ್ಸೆ ಕೊಡಬೇಕಾದ ವೈದ್ಯರಿಗೂ ಅದೇನೆಂಬ ಸರಿಯಾದ ಮಾಹಿತಿಯೇ ಇರಲಿಲ್ಲ. 1985ರ ಆಗಸ್ಟಿನಲ್ಲಿ ಅದೇ ಕಂಪನಿಯ ವೆಸ್ಟ್ ವರ್ಜೀನಿಯಾದ ಘಟಕದಲ್ಲೂ ಸೋರಿಕೆಯಾಯಿತು. 1986ರಲ್ಲಿ ಅಮೆರಿಕ ಕಾನೂನು ಮಾಡಿತು: ಕಾನೂನಿನ ವ್ಯಾಪ್ತಿಗೆ ಬರುವ ಪ್ರತಿ ಕಾರ್ಖಾನೆ ಎಷ್ಟು ವಿಷವನ್ನು ಗಾಳಿಗೆ, ನೀರಿಗೆ, ನೆಲಕ್ಕೆ ಬಿಡುತ್ತದೆ ಎಂದು ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು, ಆ ಲೆಕ್ಕವನ್ನು ಸರ್ಕಾರ ಕಂಪ್ಯೂಟರಿನ ಮೂಲಕ ಜನರಿಗೆ ದೊರಕಿಸಬೇಕು. ಟಾಕ್ಸಿಕ್ ರಿಲೀಸ್ ಇನ್ವೆಂಟರಿ ಎಂಬ ಆ ಡೇಟಾಬೇಸ್ 1989ರಲ್ಲಿ ಟಾಕ್ಸ್‌ನೆಟ್ ಮೂಲಕವೇ ಜನರ ಕೈಗೆ ಬಂತು. ವಿಷದ ಮಾಹಿತಿ ಅಧಿಕಾರಿಗಳ ಕಪಾಟಿನಲ್ಲಲ್ಲ, ಊರಿನವರ ಕೈಯಲ್ಲಿರಬೇಕು ಎಂಬುದು ಅಲ್ಲಿ ಕಾನೂನಾಯಿತು. ಅದರ ಬೆಲೆ ತೆತ್ತವರು ಭೋಪಾಲದ ಜನ.

ಜೀನುಗಳ ಖಾತೆ

ಜೀನುಗಳ ಕಡೆಯ ಕಥೆ ಬೇರೆ ದಾರಿಯಲ್ಲಿ ನಡೆದಿತ್ತು. ಮಾರ್ಗರೆಟ್ ಡೇಹಾಫ್ 1965ರಲ್ಲಿ ಪ್ರೋಟೀನುಗಳ ಅನುಕ್ರಮಗಳನ್ನು ಒಂದು ಪುಸ್ತಕದಲ್ಲಿ ಸಂಗ್ರಹಿಸಿದರು. ಇನ್ನೊಬ್ಬರು ಪ್ರಕಟಿಸಿದ್ದನ್ನು ಸೇರಿಸಿ, ತಿದ್ದಿ, ಹೊಂದಿಸುವುದೂ ವಿಜ್ಞಾನವೇ ಎಂದು ಆಗ ಹಲವರಿಗೆ ಅನ್ನಿಸಿರಲಿಲ್ಲ. ಸಂಗ್ರಹಕ್ಕೆ ಖರ್ಚು ಹುಟ್ಟಬೇಕಲ್ಲ. ಅದರ ಮಾರಾಟ ಮತ್ತು ಮರುಹಂಚಿಕೆಗೆ ಡೇಹಾಫ್ ಕಟ್ಟುಪಾಡು ಹಾಕಿದರು. 1982ರಲ್ಲಿ ಅಮೆರಿಕ ಸರ್ಕಾರ ಡಿಎನ್ಎ ಅನುಕ್ರಮಗಳ ರಾಷ್ಟ್ರೀಯ ಸಂಗ್ರಹದ ಗುತ್ತಿಗೆ ಕೊಟ್ಟಾಗ ಅದು ಡೇಹಾಫ್‌ಗೆ ಸಿಗಲಿಲ್ಲ. ಲಾಸ್ ಅಲಮಾಸ್‌ನ ವಾಲ್ಟರ್ ಗೋಡ್ ಅವರ ತಂಡ ಭಾಗಿಯಾಗಿದ್ದ ಯೋಜನೆಗೆ ಸಿಕ್ಕಿತು. ಗೋಡ್ ಹಿಂದೆ ಹೈಡ್ರೋಜನ್ ಬಾಂಬಿನ ಮೇಲೆ ಕೆಲಸ ಮಾಡಿದ್ದ ಭೌತವಿಜ್ಞಾನಿ. ಮಾಹಿತಿಯನ್ನು ಯಾರ ಸೊತ್ತೂ ಆಗದಂತೆ ಹಂಚುತ್ತೇವೆಂಬುದು ಅವರ ತಂಡದ ಭರವಸೆಯಾಗಿತ್ತು. ಜೆನ್‌ಬ್ಯಾಂಕ್ ಹುಟ್ಟಿದ್ದು ಹೀಗೆ.

1982ರ ಡಿಸೆಂಬರಿನ ಅದರ ಸಂಚಿಕೆಯಲ್ಲಿದ್ದದ್ದು 606 ಅನುಕ್ರಮಗಳು, 6,80,338 ಅಕ್ಷರಗಳು. ಅವನ್ನು ನಿಯತಕಾಲಿಕಗಳ ಪುಟಗಳಿಂದ ನೋಡಿ ನೋಡಿ ಟೈಪ್ ಮಾಡಲಾಗುತ್ತಿತ್ತು. ಪ್ರಯೋಗಾಲಯಗಳು ಹೊಸ ಅನುಕ್ರಮಗಳನ್ನು ಪ್ರಕಟಿಸುವ ವೇಗಕ್ಕೆ ಟೈಪಿಸ್ಟರು ಸೋತರು. ಪ್ರಕಟವಾದದ್ದು ಖಾತೆಗೆ ಸೇರಲು ತಿಂಗಳುಗಟ್ಟಲೆ ತಡವಾಗುತ್ತಿತ್ತು. ಪರಿಹಾರ ಬಂದದ್ದು ನಿಯಮದಿಂದ. 1980ರ ದಶಕದ ಕೊನೆಯ ಹೊತ್ತಿಗೆ ನಿಯತಕಾಲಿಕಗಳು ಅನುಕ್ರಮವನ್ನು ಮೊದಲು ಡೇಟಾಬೇಸಿಗೆ ಸಲ್ಲಿಸಿ ದಾಖಲೆ ಸಂಖ್ಯೆ ತರಬೇಕೆಂದು ಲೇಖಕರನ್ನು ಕೇಳತೊಡಗಿದವು. ಹಂಚಿಕೊಳ್ಳುವುದು ಒಳ್ಳೆಯತನದ ಮಾತಾಗಿದ್ದಾಗ ಅರ್ಧಂಬರ್ಧ ನಡೆಯುತ್ತಿತ್ತು. ಪ್ರಕಟಣೆಯ ಷರತ್ತಾದಾಗ ಪೂರ್ತಿ ನಡೆಯಿತು. 1996ರ ಬರ್ಮುಡಾ ಸಭೆಯಲ್ಲಿ ಮಾನವ ಜೀನೋಮ್ ಯೋಜನೆಯವರು ಇನ್ನೂ ಮುಂದೆ ಹೋಗಿ, ಹೊಸ ಅನುಕ್ರಮವನ್ನು 24 ಗಂಟೆಯೊಳಗೆ ಬಿಡುಗಡೆ ಮಾಡಬೇಕೆಂದು ಒಪ್ಪಿಕೊಂಡರು.

ಎರಡೂ ಕೂಡಿದ ಹೊತ್ತು

2000ದ ಸುಮಾರಿಗೆ ಮೈಕ್ರೋಅರೇ ಎಂಬ ತಂತ್ರ ಹಬ್ಬಿತು. ಒಂದು ಜೀವಕೋಶಕ್ಕೆ ರಾಸಾಯನಿಕ ತಗುಲಿದಾಗ ಸಾವಿರಾರು ಜೀನುಗಳಲ್ಲಿ ಯಾವುದು ಏರಿತು, ಯಾವುದು ಇಳಿಯಿತು ಎಂದು ಒಂದೇ ಪ್ರಯೋಗದಲ್ಲಿ ನೋಡಬಹುದಾಯಿತು. ಎನ್ಐಇಎಚ್ಎಸ್ 2000ದಲ್ಲೇ ಟಾಕ್ಸಿಕೋಜೀನೋಮಿಕ್ಸ್‌ಗೆ ರಾಷ್ಟ್ರೀಯ ಕೇಂದ್ರ ತೆರೆಯಿತು. ಮಾಹಿತಿ ಪ್ರವಾಹದಂತೆ ಬಂತು, ಆದರೆ ಅದು ಸಾವಿರಾರು ಲೇಖನಗಳ ಕೋಷ್ಟಕಗಳಲ್ಲಿ ಚದುರಿಹೋಗಿತ್ತು. ರಾಸಾಯನಿಕಗಳ ಡೇಟಾಬೇಸಿಗೆ ಜೀನು ಗೊತ್ತಿರಲಿಲ್ಲ, ಜೀನುಗಳ ಡೇಟಾಬೇಸಿಗೆ ರಾಸಾಯನಿಕ ಗೊತ್ತಿರಲಿಲ್ಲ.

2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್’ ನಿಯತಕಾಲಿಕದಲ್ಲಿ ಮೂರೇ ಪುಟದ ಒಂದು ಲೇಖನ ಬಂತು. ಬರೆದವರು ಕ್ಯಾರೊಲಿನ್ ಮ್ಯಾಟಿಂಗ್ಲಿ, ಗ್ಲೆನ್ ಕೋಲ್ಬಿ, ಜಾನ್ ಫಾರೆಸ್ಟ್ ಮತ್ತು ಜೇಮ್ಸ್ ಬಾಯರ್. ಸಿಟಿಡಿಯ ಘೋಷಣಾಪತ್ರ ಅದು. ಹೆಸರಿನಲ್ಲಿ ತುಲನೆ ಇರುವುದಕ್ಕೆ ಕಾರಣ ಆ ಪ್ರಯೋಗಾಲಯದ ಪರಂಪರೆ: ವಿಷಕ್ಕೆ ಪ್ರತಿಕ್ರಿಯಿಸುವ ಒಂದು ಜೀನು ಮೀನಿನಲ್ಲಿ, ಇಲಿಯಲ್ಲಿ, ಮನುಷ್ಯರಲ್ಲಿ ಹೇಗೆ ಹೋಲುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ನೋಡುವುದು ಮೊದಲ ಗುರಿ. ಕ್ರಮೇಣ ತೂಕವೆಲ್ಲ ರಾಸಾಯನಿಕ, ಜೀನು, ರೋಗಗಳ ಸಂಬಂಧವನ್ನು ಲೇಖನಗಳಿಂದ ಎತ್ತಿ ದಾಖಲಿಸುವ ಕಡೆಗೆ ವಾಲಿತು.

ಓದುವುದೆಂದರೆ ಏನು

ಸಿಟಿಡಿಯ ನಿಜವಾದ ಸಂಸ್ಥೆಯೆಂದರೆ ಬಯೋಕ್ಯುರೇಟರುಗಳು. ಜೀವವಿಜ್ಞಾನದಲ್ಲಿ ತರಬೇತಾದ ಇವರು ಪ್ರಯೋಗ ಮಾಡುವುದಿಲ್ಲ, ಬೇರೆಯವರ ಪ್ರಯೋಗವನ್ನು ಓದುತ್ತಾರೆ. ಲೇಖಕರು ಎರಡು ಪುಟ ಹಿಡಿದು ಹೇಳಿದ್ದನ್ನು ಒಂದು ಸಾಲಿಗೆ ಇಳಿಸಬೇಕು: ಈ ರಾಸಾಯನಿಕ, ಈ ಪ್ರಾಣಿಯಲ್ಲಿ, ಈ ಜೀನಿನ ಅಭಿವ್ಯಕ್ತಿಯನ್ನು ಹೆಚ್ಚಿಸಿತು ಅಥವಾ ಇಳಿಸಿತು. ಕ್ರಿಯಾಪದವೂ ತಮ್ಮ ಇಷ್ಟದ್ದಲ್ಲ, ನಿಗದಿತ ಪಟ್ಟಿಯದು. ಆರ್ಸೆನಿಕ್‌ನ ಒಂದು ರೂಪವಾದ ಆರ್ಸನೈಟ್ ತಗುಲಿದರೆ ಎಚ್ಎಂಒಎಕ್ಸ್1 ಎಂಬ ಜೀನಿನ ಅಭಿವ್ಯಕ್ತಿ ಏರುತ್ತದೆ ಎಂಬುದು ಅಂಥ ಒಂದು ಸಾಲು.

ಕಷ್ಟವಿರುವುದು ಹೆಸರುಗಳಲ್ಲಿ. ಪ್ಲಾಸ್ಟಿಕ್ ಡಬ್ಬಗಳಲ್ಲಿ ಬಳಸುವ ಬಿಸ್ಫಿನಾಲ್ ಎ ಒಬ್ಬರಿಗೆ ಬಿಪಿಎ, ಇನ್ನೊಬ್ಬರಿಗೆ ಉದ್ದನೆಯ ರಾಸಾಯನಿಕ ನಾಮ, ಮತ್ತೊಬ್ಬರಿಗೆ 80-05-7 ಎಂಬ ಸಂಖ್ಯೆ. ಹೊಲದ ಹೆಸರು ಊರಿಗೊಂದು ಬಗೆಯಾದರೂ ಪಹಣಿಯ ಸರ್ವೆ ನಂಬರ್ ಒಂದೇ ಇರುವ ಹಾಗೆ, ಇಲ್ಲೂ ಒಂದು ವಸ್ತುವಿಗೆ ಒಂದೇ ಗುರುತು ಬೇಕು. ಜೀನುಗಳಲ್ಲಂತೂ ಗೊಂದಲ ಇನ್ನಷ್ಟು. ಗಡ್ಡೆಗಳನ್ನು ತಡೆಯುವ ಹೆಸರಾಂತ ಜೀನನ್ನು ಮನುಷ್ಯರಲ್ಲಿ ಟಿಪಿ53 ಎಂದರೆ ಇಲಿಯಲ್ಲಿ ಟಿಆರ್‌ಪಿ53 ಎನ್ನುತ್ತಾರೆ. ಎಕ್ಸೆಲ್ ತಂತ್ರಾಂಶ ಕೆಲವು ಜೀನುಗಳ ಹೆಸರನ್ನು ದಿನಾಂಕವೆಂದು ತಿಳಿದು ಬದಲಿಸಿಬಿಡುತ್ತಿತ್ತು. ಸೆಪ್ಟೆಂಬರ್, ಮಾರ್ಚ್ ತಿಂಗಳುಗಳಂತೆ ಕಾಣುವ ಆ ಹೆಸರುಗಳನ್ನು ಕೊನೆಗೆ 2020ರಲ್ಲಿ ನಾಮಕರಣ ಸಮಿತಿಯೇ ಬದಲಾಯಿಸಬೇಕಾಯಿತು. ಸಿಟಿಡಿ ತನ್ನದೇ ಹೊಸ ಹೆಸರುಗಳನ್ನು ಹುಟ್ಟಿಸಲು ಹೋಗಲಿಲ್ಲ. ರಾಸಾಯನಿಕಕ್ಕೆ ವೈದ್ಯಕೀಯ ಗ್ರಂಥಾಲಯದ ಪಟ್ಟಿ, ಜೀನಿಗೆ ಅಮೆರಿಕದ ರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಮಾಹಿತಿ ಕೇಂದ್ರದ, ಅಂದರೆ ಎನ್‌ಸಿಬಿಐನ, ಪಟ್ಟಿ ಹಿಡಿಯಿತು. ರೋಗಗಳಿಗೆ ಎರಡು ಪಟ್ಟಿಗಳನ್ನು ಬೆಸೆದು ಮೆಡಿಕ್ ಎಂಬ ಶಬ್ದಕೋಶ ಮಾಡಿಕೊಂಡಿತು. ಈ ವಿನಯದಿಂದಲೇ ಬೇರೆ ಡೇಟಾಬೇಸ್‌ಗಳು ಅದರೊಡನೆ ಸುಲಭವಾಗಿ ಕೊಂಡಿ ಹಾಕಿಕೊಳ್ಳಲು ಸಾಧ್ಯವಾಯಿತು.

ಸಾಲುಗಳು ಸಾಕಷ್ಟು ಸೇರಿದ ಮೇಲೆ ಇನ್ನೊಂದು ಕೆಲಸ ಸಾಧ್ಯ. ಒಂದು ಲೇಖನ ರಾಸಾಯನಿಕಕ್ಕೂ ಜೀನಿಗೂ ನಂಟಿದೆ ಎನ್ನುತ್ತದೆ. ಅದನ್ನು ಕಾಣದ ಇನ್ನೊಬ್ಬರ ಲೇಖನ ಅದೇ ಜೀನಿಗೂ ಒಂದು ರೋಗಕ್ಕೂ ನಂಟಿದೆ ಎನ್ನುತ್ತದೆ. ಎರಡನ್ನೂ ಜೋಡಿಸಿದರೆ ರಾಸಾಯನಿಕಕ್ಕೂ ರೋಗಕ್ಕೂ ಇರಬಹುದಾದ ಸಂಬಂಧವೊಂದು ಎದುರಾಗುತ್ತದೆ. 2008ರಲ್ಲಿ ತಂಡ ಆರ್ಸೆನಿಕ್ಕನ್ನೇ ಮಾದರಿಯಾಗಿಟ್ಟು ಇದನ್ನು ತೋರಿಸಿತು. ಮೇಯ್ನ್‌ನ ಖಾಸಗಿ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಹೊಸ ಸುದ್ದಿಯಲ್ಲವಾದ್ದರಿಂದ ಅದು ಮನೆಬಾಗಿಲಿನ ಪ್ರಶ್ನೆಯೂ ಆಗಿತ್ತು. ನಮ್ಮವರಿಗೂ ಅದು ದೂರದ್ದಲ್ಲ: ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿ, ಅಂತರ್ಜಲದ ಆರ್ಸೆನಿಕ್ ಮತ್ತು ಜನರ ಚರ್ಮದ ಮೇಲಿನ ಅದರ ಗುರುತುಗಳ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ.

ಜೋಡಣೆಯಿಂದ ಸಿಗುವುದು ಊಹೆ, ಸಾಬೀತಲ್ಲ. ಸಿಟಿಡಿ ಎರಡನ್ನೂ ಬೇರೆ ಬೇರೆಯಾಗಿಯೇ ತೋರಿಸುತ್ತದೆ. ಇನ್ನೊಂದು ಎಚ್ಚರ ಓದುಗರಿಗೆ ಬಿಟ್ಟದ್ದು. ಹೆಚ್ಚು ಅಭ್ಯಾಸವಾದ ರಾಸಾಯನಿಕದ ಪುಟ ತುಂಬಿರುತ್ತದೆ, ಯಾರೂ ಮುಟ್ಟದ್ದರ ಪುಟ ಖಾಲಿಯಿರುತ್ತದೆ. ಖಾಲಿ ಪುಟವನ್ನು ನಿರಪಾಯವೆಂದು ಓದುವುದು ದೊಡ್ಡ ತಪ್ಪು.

ಕಂಪನಿಗಳು ಬಂದಾಗ

ಔಷಧ ಕಂಪನಿಗಳಿಗೂ ಈ ಓದು ಬೇಕಾಗಿತ್ತು. ಫೈಜರ್ ಕಂಪನಿ ಸಿಟಿಡಿಯೊಡನೆ ಕೈಜೋಡಿಸಿತು. ಸುಮಾರು 1,200 ಔಷಧಗಳು ಹೃದಯ, ನರ, ಮೂತ್ರಪಿಂಡ, ಯಕೃತ್ತುಗಳಿಗೆ ಮಾಡಬಹುದಾದ ಹಾನಿಯ ಬಗ್ಗೆ ಕಂಪ್ಯೂಟರ್ ಹೆಕ್ಕಿಕೊಟ್ಟ 88,000 ಲೇಖನಗಳನ್ನು ಐವರು ಬಯೋಕ್ಯುರೇಟರುಗಳು ಒಂದು ವರ್ಷದಲ್ಲಿ ಪರಿಶೀಲಿಸಿದರು. ಎರಡೂವರೆ ಲಕ್ಷಕ್ಕೂ ಮೀರಿದ ದಾಖಲೆಗಳು ಹುಟ್ಟಿದವು; 2013ರಲ್ಲಿ ಇದರ ವರದಿ ಬಂತು. ಹಣ ಕಂಪನಿಯದಾದರೂ ಫಲ ಎಲ್ಲರಿಗೂ ತೆರೆದ ಡೇಟಾಬೇಸಿಗೇ ಸೇರಿತು.

ಖಾಸಗಿ ಸಂಗ್ರಹ ಸಾರ್ವಜನಿಕವಾದ ಉದಾಹರಣೆಗಳು ಈ ಕ್ಷೇತ್ರದಲ್ಲಿ ಬೇರೆಯೂ ಇವೆ. ಇಕಾನಿಕ್ಸ್ ಎಂಬ ಕಂಪನಿ ನೂರಾರು ಔಷಧಗಳನ್ನು ಇಲಿಗಳಿಗೆ ಕೊಟ್ಟು ಕಟ್ಟಿದ್ದ ಡ್ರಗ್‌ಮ್ಯಾಟ್ರಿಕ್ಸನ್ನು 2010ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ಪಡೆದು ಎಲ್ಲರಿಗೂ ಬಿಟ್ಟುಕೊಟ್ಟಿತು. ಜಪಾನಿನಲ್ಲಿ ಸರ್ಕಾರಿ ಸಂಸ್ಥೆಗಳೂ ಔಷಧ ಕಂಪನಿಗಳೂ 2002ರಿಂದ ಕೂಡಿ 170 ಸಂಯುಕ್ತಗಳ ಪರಿಣಾಮವನ್ನು ಅಳೆದ ಸಂಗ್ರಹವೂ ಮುಂದೆ ಮುಕ್ತವಾಯಿತು. ಪ್ರತಿಸ್ಪರ್ಧಿಗಳು ಔಷಧವನ್ನು ಬಚ್ಚಿಡಬಹುದು. ಔಷಧ ಯಾಕೆ ವಿಷವಾಯಿತೆಂಬ ಅರಿವನ್ನು ಬಚ್ಚಿಟ್ಟರೆ ಎಲ್ಲರೂ ಅದೇ ತಪ್ಪನ್ನು ದುಬಾರಿ ಬೆಲೆಗೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಸ್ಥಳಾಂತರ, ಮುಚ್ಚಿದ ಬಾಗಿಲುಗಳು

2012ರ ಸುಮಾರಿಗೆ ಸಿಟಿಡಿ ಮ್ಯಾಟಿಂಗ್ಲಿಯವರೊಡನೆ ಮೇಯ್ನ್ ಬಿಟ್ಟು ರಾಲೀ ನಗರದ ನಾರ್ತ್ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂತು. ಹಣ ಕೊಡುವ ಎನ್ಐಇಎಚ್ಎಸ್ ಅಲ್ಲಿಂದ ಹತ್ತಿರದಲ್ಲೇ ಇದೆ. ದೂರದಿಂದಲೇ ದಾಖಲಿಸಲು ಅನುಕೂಲವಾಗುವಂತೆ ತಂಡ ಮೊದಲೇ ತನ್ನ ತಂತ್ರಾಂಶವನ್ನು ರೂಪಿಸಿಕೊಂಡಿದ್ದರಿಂದ ಊರು ಬದಲಾದರೂ ಓದು ನಿಲ್ಲಲಿಲ್ಲ. ಆಮೇಲಿನ ವರ್ಷಗಳಲ್ಲಿ ಯಾವ ಲೇಖನವನ್ನು ಮೊದಲು ಓದಬೇಕೆಂದು ಅಂಕ ಕೊಡುವ ವಿಧಾನ ಬಂತು, ಜನ ಯಾವ ವಿಷಕ್ಕೆ ಎಷ್ಟು ಒಡ್ಡಿಕೊಂಡರೆಂಬ ಮಾಹಿತಿಯ ವಿಭಾಗ ಸೇರಿತು. ಇವತ್ತು ಅದರಲ್ಲಿರುವ ಸಂಬಂಧಗಳನ್ನು ಕೋಟಿಗಳಲ್ಲಿ ಎಣಿಸಬೇಕು. ಅಡಿಪಾಯ ಮಾತ್ರ ಕಣ್ಣಿಟ್ಟು ಓದಿದ ಒಂದು ಲಕ್ಷಕ್ಕೂ ಹೆಚ್ಚು ಲೇಖನಗಳು.

ಎಲ್ಲ ಸಂಗ್ರಹಗಳಿಗೂ ಈ ಅದೃಷ್ಟವಿರಲಿಲ್ಲ. ಸಿಟಿಡಿಗೂ ಒಂದು ಬಾಗಿಲು ಕೊಟ್ಟಿದ್ದ ಟಾಕ್ಸ್‌ನೆಟ್ 2019ರ ಡಿಸೆಂಬರಿನಲ್ಲಿ ಮುಚ್ಚಿತು. ಅದರ ಅಪಾಯಕಾರಿ ವಸ್ತುಗಳ ಮಾಹಿತಿಕೋಶ ರಾಸಾಯನಿಕಗಳ ಡೇಟಾಬೇಸಾದ ಪಬ್‌ಕೆಮ್‌ಗೆ ಹೋಯಿತು, ಲೇಖನಗಳ ಸೂಚಿಯ ಬಹುಭಾಗ ವೈದ್ಯಕೀಯ ಲೇಖನಗಳ ದೊಡ್ಡ ಸೂಚಿಯಾದ ಪಬ್‌ಮೆಡ್‌ನಲ್ಲಿ ಕರಗಿತು. ಮಾಹಿತಿ ಉಳಿಯಿತಾದರೂ ಗ್ರಂಥಪಾಲಕರಿಗೂ ವೈದ್ಯರಿಗೂ ದಶಕಗಳಿಂದ ಪರಿಚಿತವಾಗಿದ್ದ ಬಾಗಿಲು ಇಲ್ಲವಾಯಿತು.

ಬೆಂಗಳೂರಿನ ಪಾಠ

ಇಂಥ ಓದಿನ ಕಸುಬಿಗೆ ಕರ್ನಾಟಕ ಹೊಸದಲ್ಲ. 2002ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸ್ಥಾಪಿಸಿದರು. ಅಲ್ಲಿನ ಯುವ ಜೀವವಿಜ್ಞಾನಿಗಳು ಲೇಖನಗಳನ್ನು ಓದಿ ಓದಿ ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್ ಕಟ್ಟಿದರು. 2003ರಲ್ಲಿ ಪ್ರಕಟವಾದ ಅದು ಕೆಲವೇ ವರ್ಷಗಳಲ್ಲಿ 30,000ಕ್ಕೂ ಹೆಚ್ಚು ಪ್ರೋಟೀನುಗಳನ್ನೂ ಅವುಗಳ ನಡುವಿನ ಸುಮಾರು 40,000 ಸಂಪರ್ಕಗಳನ್ನೂ ಒಳಗೊಂಡಿತು. ಜಗತ್ತಿನ ಪ್ರಯೋಗಾಲಯಗಳು ಅದನ್ನು ನೆಚ್ಚಿದವು. 2014ರಲ್ಲಿ ‘ನೇಚರ್’ ಪ್ರಕಟಿಸಿದ ಮಾನವ ಪ್ರೋಟಿಯೋಮ್‌ನ ಕರಡು ನಕ್ಷೆಯ ಹಿಂದೆಯೂ ಇದೇ ಸಂಸ್ಥೆಯ ದುಡಿಮೆಯಿತ್ತು. ಆದರೆ ಆ ಡೇಟಾಬೇಸಿನ ಕೊನೆಯ ದೊಡ್ಡ ಸಂಚಿಕೆ 2010ರದು. ಆಮೇಲೆ ಬಂದ ಲೇಖನಗಳು ಅದಕ್ಕೆ ಸೇರಲಿಲ್ಲ. ಓದು ನಿಂತ ದಿನದಿಂದಲೇ ಸಂಗ್ರಹ ಹಳೆಯದಾಗತೊಡಗುತ್ತದೆ.

ಈಗ ಭಾರತದಲ್ಲಿ ದೊಡ್ಡ ಹೆಜ್ಜೆಗಳಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ 20 ಸಂಸ್ಥೆಗಳು ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್‌ಗಳನ್ನು ಓದಿತು. 2022ರಲ್ಲಿ ಫರೀದಾಬಾದಿನಲ್ಲಿ ತೆರೆದ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ ಆ ಮಾಹಿತಿಯನ್ನು ಇರಿಸಿ, 2025ರ ಜನವರಿಯಲ್ಲಿ ನಿಯಮಬದ್ಧವಾಗಿ ಸಂಶೋಧಕರಿಗೆ ತೆರೆಯಲಾಯಿತು. ಒಂದೇ ಬಾವಿಯ ನೀರು ಕುಡಿದವರಲ್ಲಿ ಕೆಲವರಿಗೆ ಮಾತ್ರ ಆರ್ಸೆನಿಕ್ ಹೆಚ್ಚು ಹಾನಿ ಮಾಡುವುದು ಏಕೆ ಎಂಬಂಥ ಪ್ರಶ್ನೆಯನ್ನು ನಮ್ಮ ಜನರ ಜೀನೋಮ್ ಮುಂದಿಟ್ಟುಕೊಂಡು ಕೇಳುವ ದಾರಿ ಈಗ ತೆರೆದಿದೆ.

ಆ ದಾರಿಯಲ್ಲಿ ನಡೆಯಲು ಸಿಟಿಡಿಯ 20 ವರ್ಷ ಹೇಳಿಕೊಡುವುದು ಸರಳ. ಕಿರದಳ್ಳಿಯ ನೀರಿನ ಅಳತೆ ಒಂದು ಇಲಾಖೆಯ ಕಡತದಲ್ಲಿ, ರೋಗಿಗಳ ವಿವರ ಆಸ್ಪತ್ರೆಯಲ್ಲಿ, ಜೀನೋಮ್ ಫರೀದಾಬಾದಿನಲ್ಲಿ ಉಳಿದರೆ ಯಾವ ಸರ್ವರ್ ತಂದರೂ ಅವು ಒಂದನ್ನೊಂದು ಗುರುತಿಸುವುದಿಲ್ಲ. ಅವನ್ನು ಗುರುತಿಸಿ ಜೋಡಿಸುವವರು ಬೇಕು; ಅವರು ಯೋಜನೆಯ ಮೂರು ವರ್ಷದ ಗುತ್ತಿಗೆಯವರಲ್ಲ, ನಿವೃತ್ತಿಯವರೆಗೆ ಕೆಲಸವಿರುವವರಾಗಬೇಕು. ಹೊಸ ದತ್ತಾಂಶ ಕೇಂದ್ರವೊಂದರ ಮುಂಗಡಪತ್ರ ಕೈಗೆ ಬಂದಾಗ ಟೆರಾಬೈಟುಗಳ ಸಾಲಿಗಿಂತ ಮೊದಲು ಓದುವವರ ಹುದ್ದೆಗಳ ಸಾಲು ನೋಡಬೇಕು. ಅದು ಖಾಲಿಯಿದ್ದರೆ ನಾವು ಕಟ್ಟುತ್ತಿರುವುದು ಡೇಟಾಬೇಸಲ್ಲ, ಉಗ್ರಾಣ.